ಒಂಬತ್ತನೆಯ ಪ್ರಸಾದ

ಮೂವತ್ತು ವರ್ಷ ಬಟ್ಟೆ ಅಳೆದವನು ನಾನು. ಮನುಷ್ಯರನ್ನು ಕಂಡರೂ ಬೆರಳು ಮೊದಲು ಅಂಚಿಗೇ ಹೋಗುತ್ತದೆ. ನಮ್ಮ ಕಾಜಕ್ಕನನ್ನು ಹಾಗೆ ಅಳೆದರೆ, ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ಬಣ್ಣ ಒಗೆದೂ ಒಗೆದೂ ತಿಳಿಯಾಗಿದೆ, ಆದರೆ ಬಿಟ್ಟಿಲ್ಲ. ಹೊಳಪು ಎಂಬುದು ಮೊದಲಿನಿಂದಲೂ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದರೂ ಹರಿಯುವ ಜಾತಿಯಲ್ಲ. ಗಿರಾಕಿ ಮೊದಲ ನೋಟಕ್ಕೆ ಪಕ್ಕಕ್ಕೆ ತಳ್ಳುವ ಮಾಲು. ಮನೆಗೆ ಒಯ್ದವನು ಮಾತ್ರ ಹತ್ತು ವರ್ಷದ ಮೇಲೆ ಬಂದು, "ಅದೇ ಥರದ್ದು ಇನ್ನೊಂದು ಇದೆಯಾ?" ಎಂದು ಕೇಳುತ್ತಾನೆ. ಇರುವುದಿಲ್ಲ.

ಅಂಗಿಯಲ್ಲಿ ಗುಂಡಿ ತೂರುವ ಕಂಡಿಗೆ ಕಾಜಾ ಅನ್ನುತ್ತಾರೆ. ಅದನ್ನು ಕತ್ತರಿಸಿ, ಅಂಚಿಗೆ ಒತ್ತೊತ್ತಾಗಿ ದಾರ ಸುತ್ತುವುದು ಆಕೆಯ ಕಸುಬು. ಹೆಸರು ಬಂದದ್ದೂ ಅದರಿಂದಲೇ. ನನ್ನ ಅಂಗಡಿಯ ಮಹಡಿಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಆಕೆಯ ಸ್ಟೂಲು. ವಾರದ ಉಳಿದ ದಿನ ನನ್ನ ಕೆಲಸದವಳು. ಶುಕ್ರವಾರ ಬೆಳಿಗ್ಗೆ ಮಾತ್ರ ಅಲ್ಲ.

ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗುರುಗಳು ಒಂದು ಪುಟ್ಟ ಡಬ್ಬಿಯಲ್ಲಿ ಪರಮಪ್ರಸಾದ, ಅಂದರೆ ಸಾಕ್ಷಾತ್ ದೇವರೇ ಎಂದು ನಾವು ನಂಬುವ ತೆಳು ರೊಟ್ಟಿ, ಇಟ್ಟು ಆಕೆಯ ಕೈಗೆ ಕೊಡುತ್ತಾರೆ. ಆಕೆ ಅದನ್ನು ಚರ್ಮದ ಚೀಲಕ್ಕೆ ಹಾಕಿ, ಕೊರಳಿಗೆ ತೂಗಿಸಿ, ಮೇಲೆ ಅಂಗೈ ಒತ್ತಿಕೊಂಡು ಹೊರಡುತ್ತಾಳೆ. ಹಾಸಿಗೆ ಹಿಡಿದು, ಚರ್ಚಿಗೆ ಬರಲಾಗದವರ ಮನೆಗಳಿಗೆ. ಹಾಗೆ ಹೊತ್ತು ಹೋಗುವಾಗ ದಾರಿಯಲ್ಲಿ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಎದೆಯ ಮೇಲೆ ಕೈ ಕಂಡರೆ ನಮ್ಮ ಬೀದಿಯವರು ನಮಸ್ಕಾರವನ್ನೂ ಹೇಳದೆ ಸರಿದು ನಿಲ್ಲುತ್ತಾರೆ. ಮೀನು ಮಾರುವವಳು ಕೂಡ ಕೂಗುವುದನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಾಳೆ. ಸುಮ್ಮನಿರಲು ಆಗದೆ ಹೋದವನು ನಾನೊಬ್ಬನೇ.

ಮೂರು ವರ್ಷದ ಹಿಂದಿನ ಮಾತು. ಆಸ್ಪತ್ರೆಯವರ ಮೂವತ್ತು ಬಿಳಿ ಕೋಟು ಮಧ್ಯಾಹ್ನದೊಳಗೆ ಹೋಗಬೇಕಿತ್ತು. ಅದಕ್ಕೆ ಎರಡು ತೂತಿನ ಗುಂಡಿಯೋ ನಾಲ್ಕು ತೂತಿನದೋ ಎಂದು ತಿಳಿದಿದ್ದವಳು ಕಾಜಕ್ಕ ಒಬ್ಬಳೇ. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು ಅಂಗಡಿ ಮುಂದೆ ಹಾದು ಹೋಗುತ್ತಿದ್ದಳು.

"ಅಕ್ಕಾ, ಒಂದೇ ಮಾತು!" ಎಂದು ಕೂಗಿದೆ. ಆಕೆ ತಲೆ ಅಲ್ಲಾಡಿಸಿದಳು.

"ದೇವ್ರು ಎರಡು ನಿಮಿಷ ನಮ್ಮಂಗ್ಡೀಲಿ ನಿಂತ್ರೆ ಸವೆದು ಹೋಗ್ತಾನಾ? ಒಳಗೆ ಕರ್ಕೊಂಡು ಬಾ, ನೆರಳಿದೆ."

ಆಕೆಗೆ ನಗು ಬಂತು. ನಕ್ಕವಳು ನಿಂತಳು. ನಿಂತವಳ ಮುಂದೆ ನಾನು ಗುಂಡಿಯ ಡಬ್ಬ ಸುರಿದೆ.

ಅಲ್ಲಿಂದ ಆಕೆ ಹೋಗಬೇಕಾಗಿದ್ದದ್ದು ಗಡಿಯಾರ ರಿಪೇರಿಯವರ ಮನೆಗೆ. ಹಿಂದಿನ ದಿನವೇ ಗುರುಗಳು ಬಂದು ಅವರಿಗೆ ಅಂತ್ಯಕಾಲದ ತೈಲ ಹಚ್ಚಿ ಹೋಗಿದ್ದರು. ಉಳಿದದ್ದು ಕೊನೆಯ ಪ್ರಸಾದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಲೋಟದಲ್ಲಿ ನೀರಿಟ್ಟು ಮಗಳು ಕಾದಿದ್ದಳು. ಆ ಮನೆಯಲ್ಲಿ ತಡವಾದದ್ದನ್ನು ಬಚ್ಚಿಡಲು ಬರುವುದಿಲ್ಲ. ಗೋಡೆ ತುಂಬ ಗಡಿಯಾರ, ಎಲ್ಲವೂ ಸರಿಯಾದ ಸಮಯ ತೋರಿಸುವಂಥವು.

"ಏಳು ನಿಮಿಷ ತಡ ಆಯ್ತು, ಅಕ್ಕ," ಎಂದಳಂತೆ ಮಗಳು. "'ಬಂದ್ಲಾ, ಬಂದ್ಲಾ' ಅಂತ ಎರಡು ಸಲ ಕೇಳಿದ್ರು. ಆಮೇಲೆ ಬಾಯಿ ತೆಗೆದು ಕಾದ್ರು. ಹಾಗೇ ಹೋಗ್ಬಿಟ್ರು."

ಬಾಯಿ ತೆರೆದೇ ಇತ್ತು. ಸತ್ತವರ ನಾಲಗೆಯ ಮೇಲೆ ಪ್ರಸಾದ ಇಡುವಂತಿಲ್ಲ. ಕಾಜಕ್ಕ ಮೊಣಕಾಲೂರಿ ಪ್ರಾರ್ಥಿಸಿ, ಅವರ ಪಾಲಿನದನ್ನು ಚರ್ಚಿಗೆ ವಾಪಸ್ ತಂದಳು.

ಮಣ್ಣಿನ ದಿನ ಆಕೆ ಎಲ್ಲರೆದುರೂ ಮಗಳ ಕೈ ಹಿಡಿದು, "ತಪ್ಪು ನಂದಮ್ಮ, ದಾರೀಲಿ ತಡ ಮಾಡ್ದೆ" ಎಂದಳು.

"ಎಲ್ಲಿ?" ಎಂದು ಯಾರೋ ಕೇಳಿದರು.

"ದಾರೀಲಿ" ಎಂದಳು, ಅಷ್ಟೇ.

ನಾನು ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೆ. ಶವಪೆಟ್ಟಿಗೆಯ ಒಳಗೆ ಹಾಸಿದ ಬಟ್ಟೆ ನನ್ನ ಅಂಗಡಿಯದು, ಇದ್ದುದರಲ್ಲಿ ಒಳ್ಳೆಯದನ್ನೇ ಪುಕ್ಕಟೆ ಕೊಟ್ಟಿದ್ದೆ. ಬಾಯಿ ಬಿಡುವುದರ ಬದಲು ಬಟ್ಟೆ ಬಿಟ್ಟುಕೊಟ್ಟೆ ಎಂದು ಬೇಕಾದರೆ ಹೇಳಿ.

ಆಮೇಲಿಂದ ಮಹಡಿಯ ಕಿಟಕಿ ಪಕ್ಕ ಏನೋ ಕೆಟ್ಟಿತು. ಒಂದು ದಿನ ಆಕೆ ಒಂದು ಅಂಗಿಯನ್ನು ನನ್ನ ಮುಂದೆ ಹಿಡಿದು, "ಸಾಹುಕಾರ್ರೇ, ಇದನ್ನ ನೋಡಿ. ಕತ್ತರಿ ತಗುಲಿದ ಕೂಡ್ಲೇ ಹೇಗೆ ಬಾಯಿ ಬಿಡುತ್ತೆ," ಎಂದಳು. ನಾನು, "ಕಾಜಾ ಬಾಯಿ ಬಿಡದೆ ಇನ್ನೇನು ಕಣ್ಣು ಬಿಡುತ್ತಾ?" ಎಂದು ನಗೆಯಾಡಿ ಕೆಳಗಿಳಿದೆ. ಅದೇ ವಾರ ಒಂದು ಅಂಗಿಯ ಮೇಲಿನ ಕಾಜಾ ಪೂರ್ತಿ ಮುಚ್ಚಿ ಹೊಲಿದಿರುವುದು ಕಂಡಿತು. ಇರುವೆಯ ಹೆಜ್ಜೆಯಷ್ಟು ಸಣ್ಣ, ಅಚ್ಚುಕಟ್ಟಾದ ಹೊಲಿಗೆ. ಬ್ಲೇಡು ತೆಗೆದುಕೊಂಡು ಒಬ್ಬನೇ ಕುಳಿತು ಬಿಚ್ಚಿದೆ. ಆಕೆಗೆ ಹೇಳಲಿಲ್ಲ.

ಪ್ರಸಾದದ ಲೆಕ್ಕವೂ ಆಗಲೇ ಬದಲಾದದ್ದು. ಪಟ್ಟಿಯಲ್ಲಿ ಎಂಟು ರೋಗಿಗಳು. ಆಕೆ ಕೇಳುವುದು ಒಂಬತ್ತು. ಗಡಿಯಾರದವರ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದಾರೆ. ಪ್ರತಿ ಶುಕ್ರವಾರ ಆಕೆ ಆ ಹಸಿರು ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಒಂಬತ್ತನೆಯದನ್ನು ವಾಪಸ್ ತರುತ್ತಿದ್ದಳು. ಹಳೆಯ ಗುರುಗಳು ಏನೂ ಕೇಳಲಿಲ್ಲ. ಈ ವರ್ಷ ಬಂದ ಹೊಸ ಗುರುಗಳು ಅಚ್ಚುಕಟ್ಟಿನ ಮನುಷ್ಯ. ವಯಸ್ಸಾಗಿ ಎಣಿಕೆ ತಪ್ಪುತ್ತಿದೆ ಎಂದುಕೊಂಡರು. ಬರುವ ಶುಕ್ರವಾರ ಕಾಜಕ್ಕ ಡಬ್ಬಿ ಒಪ್ಪಿಸಬೇಕು, ಈ ಸೇವೆ ಇನ್ನೊಬ್ಬರಿಗೆ ಎಂದು ಚರ್ಚಿನ ಫಲಕದಲ್ಲಿ ಚೀಟಿ ಅಂಟಿಸಿದರು.

ಆ ಎಂಟರಲ್ಲಿ ನನ್ನ ತಾಯಿಯೂ ಒಬ್ಬಳು. ಸೊಂಟ ಮುರಿದು ಮಲಗಿದ್ದಾಳೆ, ನಾಲಗೆ ಮಾತ್ರ ಓಡಾಡುತ್ತದೆ.

"ಅವಳ ಕೈಯಿಂದ ಆ ಡಬ್ಬಿ ಕಿತ್ಕೊಂಡ್ರೆ ಅವಳು ಉಳೀತಾಳೇನೋ?" ಎಂದಳು. "ಬಾಗಿಲಲ್ಲೇ ನಿಂತು 'ಇದ್ದೀರಾ?' ಅಂತಾಳೆ. ನಾನು 'ಇದ್ದೀನಿ, ಬಾ ಮಾರಾಯ್ತಿ' ಅಂದ್ಮೇಲೇ ಅವಳಿಗೆ ಉಸಿರು ಬರೋದು. ಆ ಒಂಬತ್ತನೇದು ಯಾರಿಗೆ ಅಂತ ಕೇಳ್ದೆ ಒಂದ್ಸಲ. 'ಅವರಿನ್ನೂ ಬಾಯಿ ತೆರ್ಕೊಂಡೇ ಇದಾರಮ್ಮ' ಅಂದ್ಲು."

ನಾನು ದಿಂಬು ಸರಿಮಾಡಿದೆ.

"ಅವಳಾಗಿ ನಿಲ್ಲೋಳಲ್ಲ ಕಣೋ. ಅವತ್ತು ಯಾರೋ ನಿಲ್ಲಿಸಿರ್ಬೇಕು," ಎಂದು ಅಮ್ಮ ನನ್ನನ್ನೇ ನೋಡಿದಳು. ದಿಂಬನ್ನು ಇನ್ನೊಮ್ಮೆ ಸರಿಮಾಡಿದೆ.

ವ್ಯಾಪಾರಿ ಯಾವಾಗಲೂ ಅಗ್ಗದ ಜಾಗ ಹುಡುಕುತ್ತಾನೆ. ಶನಿವಾರ ಸಂಜೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಗುರುಗಳು, ಈಚೆ ಮೊಣಕಾಲೂರಿ ನಾನು. ಯಾರ ಮುಖವೂ ಯಾರಿಗೂ ಕಾಣದು. ಎಲ್ಲವನ್ನೂ ಹೇಳಿದೆ. ಆಕೆಗೆ ಎಣಿಕೆ ತಪ್ಪಿಲ್ಲ, ಸೇವೆಯಿಂದ ತೆಗೆಯಬೇಡಿ ಎಂದೂ ಸೇರಿಸಿದೆ. ಕ್ಷಮೆ ಸಿಕ್ಕಿತು, ಪ್ರಾಯಶ್ಚಿತ್ತಕ್ಕೆ ಪ್ರಾರ್ಥನೆ ಸಿಕ್ಕಿತು. ನನ್ನ ಹೆಸರೂ ಉಳಿಯಿತು, ಆಕೆಯ ಕೆಲಸವೂ ಉಳಿಯಿತು ಎಂದುಕೊಂಡು ಹಗುರಾಗಿ ಮನೆಗೆ ಬಂದೆ.

ಮಂಗಳವಾರ ನೋಡಿದರೆ ಚೀಟಿ ಫಲಕದಲ್ಲೇ ಇತ್ತು. ಗುರುಗಳು ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಫಾದರ್, ಹೇಳಿದ್ನಲ್ಲ?"

"ಏನು ಹೇಳಿದ್ರಿ?"

"ಶನಿವಾರ... ಅಲ್ಲಿ..."

ಅವರು ನೀರಿನ ಡಬ್ಬ ಕೆಳಗಿಟ್ಟರು. "ಯಾರೇ ಆಗ್ಲಿ, ಅಲ್ಲಿ ಹೇಳಿದ್ದು ದೇವ್ರಿಗೆ. ಅದನ್ನ ಇಟ್ಕೊಂಡು ಹೊರಗೆ ಒಂದು ಎಲೆ ಕೂಡ ಅಲ್ಲಾಡ್ಸೋ ಹಾಗಿಲ್ಲ ನಾನು. ಹೊರಗೆ ನನಗೆ ಯಾರೂ ಏನೂ ಹೇಳಿಲ್ಲ."

ಹುಟ್ಟಿದಂದಿನಿಂದ ಕಥೋಲಿಕ, ಈ ನಿಯಮ ಗೊತ್ತಿರಲಿಲ್ಲ ಎನ್ನಲಾರೆ. ಗುಟ್ಟು ಹೊರಬೀಳುವುದಿಲ್ಲ ಎಂಬ ಖಾತರಿ ನೋಡಿಯೇ ಅಲ್ಲಿಗೆ ಹೋದವನು ನಾನು. ಆ ಖಾತರಿ ಇಬ್ಬರನ್ನೂ ಕಟ್ಟಿಹಾಕುತ್ತದೆ ಎಂಬುದನ್ನು ಮಾತ್ರ ಮರೆತಿದ್ದೆ.

ಶುಕ್ರವಾರ ಪೂಜೆ ಮುಗಿದ ಕೂಡಲೇ ಪೀಠದ ಹಿಂದಿನ ಕೋಣೆಗೆ ಹೋದೆ. ಗೂಟಗಳಲ್ಲಿ ಪೂಜೆಯ ನಿಲುವಂಗಿಗಳು ತಲೆಯಿಲ್ಲದ ಮನುಷ್ಯರ ಹಾಗೆ ನೇತಾಡುತ್ತಿದ್ದವು. ಆರಿದ ಬತ್ತಿಯ ವಾಸನೆ. ಕಾಜಕ್ಕ ಖಾಲಿ ಡಬ್ಬಿಯನ್ನು ಒರೆಸಿ, ಚೀಲದ ದಾರವನ್ನು ಸುತ್ತಿ ಮೇಜಿನ ಮೇಲೆ ಇಡುತ್ತಿದ್ದಳು.

"ಫಾದರ್, ಇವರಿಗೆ ಲೆಕ್ಕ ತಪ್ಪಿಲ್ಲ," ಎಂದೆ. "ಗಡಿಯಾರದವರು ತೀರ್ಕೊಂಡ ದಿನ ದಾರೀಲಿ ಇವರನ್ನ ನಿಲ್ಲಿಸಿದ್ದು ನಾನು. ಎದೆ ಮೇಲೆ ಕೈ ಇದ್ದದ್ದು ನೋಡೇ ನಿಲ್ಲಿಸ್ದೆ. ಒಂದು ಗುಂಡಿ ವಿಷಯಕ್ಕೆ."

ಗುರುಗಳು ಅಂದು ಮೊದಲ ಸಲ ಕೇಳಿದವರಂತೆಯೇ ಕೇಳಿದರು. ಕಾಜಕ್ಕ ತಲೆ ಎತ್ತಲಿಲ್ಲ.

"ಇದೇನು ಹೊಸ ಸುದ್ದೀನಾ ಸಾಹುಕಾರ್ರೇ? ಕರೆದಿದ್ದು ನಿಮ್ಮ ಬಾಯಿ, ನಿಂತಿದ್ದು ನನ್ನ ಕಾಲು."

"ಮೂರು ವರ್ಷ ಯಾರಿಗೂ ಹೇಳ್ಲಿಲ್ಲ ಯಾಕೆ?" ಎಂದೆ.

"ಹೇಳಿದ್ರೆ ಆ ಮಗು ನಿಮ್ಮ ಅಂಗ್ಡಿ ಮುಂದೆ ಹಾದು ಹೋದಾಗೆಲ್ಲ ಅಪ್ಪನ ಬಾಯಿ ನೆನೆಸ್ಕೋತಿತ್ತು. ನನಗೊಬ್ಬಳಿಗೆ ಕಾಣೋದು ಸಾಲ್ದಾ?"

"ಮತ್ತೆ ಒಂಬತ್ತನೇದು?" ಎಂದರು ಗುರುಗಳು.

"ಎಂಟು ಅಂದ್ರೆ ಎಷ್ಟು ಅಂತ ನನಗೂ ಗೊತ್ತು ಫಾದರ್. ಆ ಬಾಗಿಲನ್ನ ದಾಟುವಾಗ ಅವರ ಪಾಲು ಕೈಲಿಲ್ದೆ ಹೋದ್ರೆ ಕಾಲು ಏಳಲ್ಲ."

ಗುರುಗಳು ಆಕೆಯ ಮುಂದಿದ್ದ ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ, ತುಂಬಿಸಿ ತಂದರು. "ಎಂಟಿದೆ," ಎಂದರು. "ಗಡಿಯಾರದವರಿಗೆ ಕೊಡಬೇಕಾದ್ದು ಇನ್ನು ನಿಮ್ಮ ಕೊರಳಲ್ಲಿ ಬೇಡ ಅಕ್ಕ. ಮುಂದಿನ ವಾರದಿಂದ ಶುಕ್ರವಾರದ ಪೂಜೆ ಅವರ ಆತ್ಮಕ್ಕೆ. ಹೊರಡಿ, ರೋಗಿಗಳು ಕಾಯ್ತಿದಾರೆ." ಆಕೆ ಚೀಲದ ದಾರ ಬಿಚ್ಚಿ ಕೊರಳಿಗೆ ಹಾಕಿಕೊಂಡಳು. ಹೊರಗೆ ಬಂದಾಗ ಗುರುಗಳು ಚೀಟಿ ಹರಿದು ಜೇಬಿಗೆ ಹಾಕಿಕೊಳ್ಳುವುದು ಕಂಡಿತು.

ಎಲ್ಲ ಸರಿಹೋಯಿತು ಎಂದು ಬರೆದರೆ ಕಳಪೆ ಮಾಲು ಕಟ್ಟಿಕೊಟ್ಟ ಹಾಗೆ. ಆಕೆ ಈಗಲೂ ಹಸಿರು ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡುತ್ತಾಳೆ. ಮುಚ್ಚಿ ಹೊಲಿದ ಕಾಜಾ ಮತ್ತೆ ಸಿಕ್ಕಿಲ್ಲ. ಆದರೆ ಅರ್ಧ ಮುಗಿದ ಅಂಗಿಗಳನ್ನು ಎಣಿಸುವಾಗ ನಾನೇ ಅವುಗಳ ಮೇಲಿನ ಕಾಜಾವನ್ನು ಬೆರಳಲ್ಲಿ ಒತ್ತಿ ಮುಚ್ಚುತ್ತೇನೆ. ಬೆರಳು ತೆಗೆದರೆ ತೆರೆದುಕೊಳ್ಳುತ್ತದೆ. ಶುಕ್ರವಾರ ಆಕೆ ಬರುವ ಹೊತ್ತಿಗೆ ಬಾಗಿಲಿಗೆ ಬಂದು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಎದೆಯ ಮೇಲೆ ಕೈ ಇಟ್ಟುಕೊಂಡು ಆಕೆ ಹಾದು ಹೋಗುತ್ತಾಳೆ, ನನ್ನ ಕಡೆ ತಿರುಗುವುದಿಲ್ಲ.

ಕಾಜಕ್ಕನಿಗೆ ನಾನು ಕೊಡಬೇಕಾಗಿರುವುದು ಏಳು ನಿಮಿಷ, ಮತ್ತು ನನ್ನ ಹೆಸರು ಹೇಳದೆ ಆಕೆ ಒಬ್ಬಳೇ ಹೊತ್ತ ಮೂರು ವರ್ಷ.