ಪಕ್ಕದ ಮನೆಗೊಂದು ಪಾಲು

ಮಕ್ಕಳು ಪಾಠವನ್ನು ನಿಜವಾಗಿಯೂ ಕೇಳಿಸಿಕೊಂಡುಬಿಟ್ಟರೆ ಏನು ಗತಿ ಎಂಬ ಅಂಜಿಕೆ ಪಾಠ ಹೇಳುವವರಿಗೆಲ್ಲ ಒಳಗೊಳಗೇ ಇರುತ್ತದೆ. ನನಗಂತೂ ಇದೆ. ಪಿರಿಯಾಪಟ್ಟಣದ ಒಂದು ಪುಟ್ಟ ಇಸ್ಲಾಮಿಕ್ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ರಾವಂದೂರಿನ ಒಕ್ಕಲು ಮನೆಯವಳು ಅಲ್ಲಿಗೆ ಹೇಗೆ ಹೋದೆ ಎಂದು ಕೇಳುವವರಿಗೆ ‘ನಡೆದುಕೊಂಡು’ ಎನ್ನುತ್ತೇನೆ. ಗಂಡನ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇದೆ.

ನನ್ನ ಪಾಠವಾದ ಮೇಲೆ ಶಬಾನಾ ಟೀಚರ್ ಅದೇ ಮಕ್ಕಳಿಗೆ ಧರ್ಮದ ಪಾಠ ಮಾಡುತ್ತಾರೆ. ಆ ವಾರ ನೆರೆಹೊರೆಯ ಹಕ್ಕಿನ ಪಾಠ. ಮನೆಯಲ್ಲಿ ಒಳ್ಳೆಯದೇನಾದರೂ ಮಾಡಿದರೆ ಪಕ್ಕದ ಮನೆಗೂ ಒಂದು ಪಾಲು, ಅವರು ಯಾವ ಧರ್ಮದವರೇ ಆಗಿರಲಿ ಎಂದರು. ಮೂರನೇ ತರಗತಿಯ ಸಫಿಯಾ ಗಂಭೀರವಾಗಿ ತಲೆಯಾಡಿಸಿದ್ದು ಬಾಗಿಲಲ್ಲಿದ್ದ ನನಗೆ ಕಂಡಿತು. ಸಫಿಯಾಳ ಪಕ್ಕದ ಮನೆ ಎಂದರೆ ನಮ್ಮದೇ. ಬಚ್ಚಲು ನೀರು ಎಲ್ಲಿ ಹರಿಯಬೇಕೆಂಬ ವಿಷಯಕ್ಕೆ ನಮ್ಮತ್ತೆಗೂ ಅವಳ ತಾಯಿಗೂ ಮಾತು ನಿಂತು ಒಂದು ಮಳೆಗಾಲವೇ ಕಳೆದಿತ್ತು. ಎರಡೂ ಮನೆಯಲ್ಲಿ ಭಕ್ತಿಗೇನೂ ಕೊರತೆಯಿರಲಿಲ್ಲ. ಅಲ್ಲಿ ಐದು ಹೊತ್ತು ನಮಾಜು, ಇಲ್ಲಿ ಎರಡು ಹೊತ್ತು ದೀಪ. ನೀರು ಮಾತ್ರ ತನ್ನ ಪಾಡಿಗೆ ಹರಿಯುತ್ತಿತ್ತು.

ಶುಕ್ರವಾರ ಸಂಜೆ ಸಫಿಯಾ ಮುಚ್ಚಿದ ಬಟ್ಟಲು ಹಿಡಿದು ನಮ್ಮ ಜಗಲಿಗೆ ಬಂದಳು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು.

“ಅಜ್ಜಿ, ಶಾವಿಗೆ ಪಾಯಸ. ನಿಮ್ಗೂ ಪಾಲದೆ.”

“ನಿಮ್ಮವ್ವ ಕೊಟ್ಟು ಕಳ್ಸಿದ್ಲಾ?”

“ಇಲ್ಲ, ನಾನೇ ತಂದೆ. ಅಮ್ಮಿ ನಮಾಜ್ ಮಾಡ್ತಾವ್ರೆ.”

“ಕೇಳ್ದೆ ತಗಂಡು ಬಾ ಅಂತ ನಿಮ್ ಟೀಚರ್ ಏಳವ್ರಾ ಮಗ?”

ಮಗುವಿನ ಮುಖ ಬಾಡಿತು. ಕೇಳದೆ ಏನನ್ನೂ ತೆಗೆದುಕೊಳ್ಳಬಾರದೆಂಬುದು ಹಿಂದಿನ ವಾರದ ಪಾಠ. ಒಂದನ್ನು ಪಾಲಿಸಲು ಹೋಗಿ ಇನ್ನೊಂದು ತಪ್ಪಿತ್ತು. ದೊಡ್ಡವರೇ ತಡವರಿಸುವ ಜಾಗ ಅದು.

“ಅಮ್ಮಿ ಬಯ್ತಾರೆ,” ಎಂದಳು, ಕಣ್ಣು ತುಂಬಿಕೊಂಡು.

ಅತ್ತೆ ಬಟ್ಟಲನ್ನು ನೋಡಿದರು, ಮಗುವನ್ನು ನೋಡಿದರು. ಸೆರಗು ಕೊಡವಿ ಎದ್ದರು. “ಬಾ, ನಿಮ್ಮವ್ವಂಗೆ ನಾನೇ ಏಳ್ತೀನಿ.”

ಮಗು ಬೈಸಿಕೊಳ್ಳಬಾರದೆಂದು ಹೊರಟವರು ಆ ಮನೆಯ ಬಾಗಿಲಲ್ಲಿ ಬಾಯಿ ಬಿಡಲೇಬೇಕಾಯಿತು. “ಮಗೀನ ಬಯ್ಬ್ಯಾಡ ಕಣವ್ವ. ನಮ್ಗೇ ಅಂತ ತಂದದೆ.”

ಸಫಿಯಾಳ ತಾಯಿ ಬಟ್ಟಲು ಮುಟ್ಟಿ ನೋಡಿ, “ಇದು ಆರೋಗದೆ. ಒಳಗೆ ಬನ್ನಿ, ಬಿಸೀದು ಕೊಡ್ತೀನಿ,” ಎಂದರು.

ಬಚ್ಚಲು ನೀರಿಗೆ ಪೈಪು ಹಾಕಿಸುವ ಮಾತು ಈಗ ಎರಡು ಮನೆಗಳ ನಡುವೆ ನಡೆಯುತ್ತಿದೆ. ಕೊಂಚ ಜೋರು ದನಿಯಲ್ಲೇ, ಆದರೂ ನಡೆಯುತ್ತಿದೆ.

ಸೋಮವಾರ ಶಬಾನಾ ಟೀಚರಿಗೆ ಇದನ್ನೆಲ್ಲ ಹೇಳಿದೆ. ಅವರು ತುಂಬ ಹೊತ್ತು ನಕ್ಕರು.

“ನಾನು ಮೂರನೇ ಕ್ಲಾಸಿಗೆ ಪಾಠ ಮಾಡ್ತಾ ಇದೀನಿ ಅಂದ್ಕೊಂಡಿದ್ದೆ ಕಣ್ರೀ,” ಎಂದರು. “ನಿಮ್ಮತ್ತೇನೂ ಬಂದು ಕೂತಿದ್ದು ಗೊತ್ತೇ ಆಗ್ಲಿಲ್ಲ.”