ಕೈ ಎತ್ತಿದರೆ ನಿಲ್ಲುವ ಬಾಣ

ಆಫೀಸಿನಲ್ಲಿ ನನ್ನ ಮೇಜಿನ ಹತ್ತಿರ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ಈ ಗೇಮಿಂಗ್ ಮೌಸು, ಗೇಮಿಂಗ್ ಕೀಬೋರ್ಡು ನಿಜಕ್ಕೂ ಕೆಲಸಕ್ಕೆ ಬರುತ್ತವೆಯೇ, ಇಲ್ಲ ಬಣ್ಣದ ದೀಪ ನೋಡಿ ಮೋಸ ಹೋದಿರೋ? ನಾನು ಮರಾಠಿಯಲ್ಲಿ ಎರಡೇ ಮಾತಿಗೆ ಮುಗಿಸುತ್ತೇನೆ: ಚೆನ್ನಾಗಿವೆ, ತಗೊಳ್ಳಿ. ಅದು ಸುಳ್ಳಲ್ಲ. ಆದರೆ ಆ ಮೌಸನ್ನು ಮೊದಲ ಸಲ ಹಿಡಿದ ದಿನ ಹೊಟ್ಟೆಯೊಳಗೆ ಹೊಕ್ಕ ಹೆದರಿಕೆ ಇನ್ನೂ ಹೊರಗೆ ಬಂದಿಲ್ಲ. ಅದನ್ನು ಚಹಾ ಕುಡಿಯುತ್ತ ನಿಂತವರಿಗೆ ಹೇಗೆ ಹೇಳುವುದು?

ಪುಣೆ ಹತ್ತಿರದ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಯಂತ್ರದ ಬಿಡಿಭಾಗಗಳ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಬೇರೆ ಯಾವುದೂ ನನಗೆ ಬರುವುದಿಲ್ಲ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಎರಡು ನಕ್ಷೆಗಳು ತಪಾಸಣೆಯಿಂದ ಕೆಂಪು ಗುರುತು ಹಾಕಿಸಿಕೊಂಡು ವಾಪಸು ಬಂದವು. ಎರಡು ಗೆರೆಗಳು ಹತ್ತಿರ ಹತ್ತಿರ ಇದ್ದಲ್ಲಿ ಮೌಸಿನ ಬಾಣದಿಂದ ಇದನ್ನು ಹಿಡಿಯಲು ಹೋಗಿ ಅದನ್ನು ಹಿಡಿದು ಅಳತೆ ಕೊಟ್ಟಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ಕಂಪನಿ ಕೊಟ್ಟ ಮೌಸು ಹಾಳಾಗಿದೆ, ಇಂಥ ಸಾಮಾನು ಕೊಟ್ಟರೆ ಇಂಥ ಕೆಲಸವೇ ಆಗುವುದು ಎಂದು ಎಲ್ಲರಿಗೂ ಕೇಳುವಂತೆ ಕೂಗಾಡಿದೆ. ನನ್ನ ಮಾತನ್ನು ನಾನೇ ಪೂರ್ತಿ ನಂಬಿದ್ದೆ.

ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಒಬ್ಬ ಎಂಜಿನಿಯರ್ ಹುಡುಗಿ ಕೂರುತ್ತಾಳೆ. ರಜೆ ಬಂದರೆ ದಿನವಿಡೀ ಕಂಪ್ಯೂಟರಿನಲ್ಲಿ ಆಟ ಆಡುವವಳು. ಅವಳೇ ಹೇಳಿದ್ದು. "ಸರ್, ಒಂದು ಗೇಮಿಂಗ್ ಮೌಸ್ ತಗೊಂಬಿಡಿ. ನಾವು ಕೈ ಎಷ್ಟು ಅಲ್ಲಾಡಿಸ್ತೀವೋ ಅಷ್ಟನ್ನೂ ಸ್ಕ್ರೀನ್ ಮೇಲೆ ತೋರಿಸತ್ತೆ, ಒಂಚೂರೂ ಬಿಡಲ್ಲ."

ಆಡುವವರ ಸಾಮಾನು ದುಡಿಯುವವನಿಗೆ ಯಾಕಮ್ಮ ಎಂದು ಅವಳನ್ನು ಕಾಡಿಸಿದೆ. ಆದರೂ ಮೂರನೆಯ ನಕ್ಷೆ ವಾಪಸು ಬಂದ ದಿನ ಮೌಸು, ಕೀಬೋರ್ಡು ಎರಡನ್ನೂ ತರಿಸಿದೆ.

ಪೆಟ್ಟಿಗೆ ಬಿಚ್ಚಿ ಜೋಡಿಸಿ ಮೌಸಿನ ಮೇಲೆ ಕೈ ಇಟ್ಟೆ. ಪರದೆಯ ಮೇಲಿನ ಬಾಣ ಇದ್ದಲ್ಲೇ ಗಡಗಡ ನಡುಗಲು ಶುರುಮಾಡಿತು. ಹೊಸದು ತಂದರೂ ಇದೇ ಹಣೆಬರಹವೇ ಎಂದು ಬೈದೆ. ಮೇಜು ನುಣುಪಾಗಿರುವುದಕ್ಕೆ ಹೀಗಾಗುತ್ತದೆ ಎಂದು ಹುಡುಗಿ ತನ್ನ ಬಟ್ಟೆಯ ಪ್ಯಾಡು ತಂದು ಕೆಳಗೆ ಹಾಸಿದಳು. ಬಾಣ ನಡುಗುತ್ತಲೇ ಇತ್ತು. ತಂತಿ ಕಿತ್ತು ಬೇರೆ ಕಡೆ ಚುಚ್ಚಿದೆವು. ಆಗಲೂ ಅಷ್ಟೇ.

"ಸರ್, ಒಂದ್ನಿಮಿಷ ಕೈ ಎತ್ತಿ," ಎಂದಳು.

ಎತ್ತಿದೆ. ಬಾಣ ನಿಂತಿತು. ಮೊಳೆ ಹೊಡೆದ ಹಾಗೆ ನಿಂತಿತು. ಕೈ ಇಟ್ಟೆ, ನಡುಗಿತು. ಮತ್ತೆ ಎತ್ತಿದೆ, ನಿಂತಿತು. ಅವಳು ತನ್ನ ಕೈ ಇಟ್ಟಳು. ಅವಳ ಕೈಯ ಕೆಳಗೂ ಅದು ನಿಂತೇ ಇತ್ತು.

ಆ ಕ್ಷಣ ನನಗೆ ಏನಾಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಮೌಸಿನ ಚಕ್ರದ ಹಿಂದಿನ ಸಣ್ಣ ಗುಂಡಿಯೊಂದನ್ನು ಒತ್ತಿದಳು. ಮೌಸಿನ ಕೆಂಪು ದೀಪ ಹಸಿರಾಯಿತು. "ಫುಲ್ ಸ್ಪೀಡಲ್ಲಿತ್ತು ಸರ್, ಉಸಿರಾಡಿದ್ರೂ ಅಲ್ಲಾಡತ್ತೆ. ಕಮ್ಮಿ ಮಾಡಿದೀನಿ, ಈಗ ನೋಡಿ." ನೋಡಿದೆ. ಬಾಣ ಅಲುಗಲಿಲ್ಲ. ಅವಳು ನಕ್ಕು ತನ್ನ ಕೆಲಸಕ್ಕೆ ಹೋದಳು. ನಾನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು ತೊಡೆಯ ಮೇಲಿಟ್ಟು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕೂತೆ.

ನಾನು ಯಾಕೆ ಅಷ್ಟು ಹೆದರಿದೆ ಎಂದು ತಿಳಿಯಬೇಕಾದರೆ ಅಪ್ಪನ ವಿಷಯ ಹೇಳಬೇಕು. ಅಪ್ಪ ವಿಜಾಪುರದ ಕಡೆಯಿಂದ ಬಂದವನು. ಪುಣೆಯ ಸದಾಶಿವ ಪೇಠದ ಒಂದು ವಾಡೆಯ ಬಾಗಿಲ ಪಕ್ಕದಲ್ಲಿ ಕೂತು ಸ್ಕೂಟರುಗಳ ನಂಬರ್ ಪ್ಲೇಟು ಬರೆಯುತ್ತಿದ್ದ. ಅಚ್ಚು ಇಲ್ಲ, ಪಟ್ಟಿ ಇಲ್ಲ, ಬರಿಗೈಯಲ್ಲಿ ಬ್ರಶ್ಶು. ಅವನು ಬರೆದ ಎಂಟರ ಎರಡು ಹೊಟ್ಟೆಗಳನ್ನು ಅಳೆದು ನೋಡಿದರೂ ವ್ಯತ್ಯಾಸ ಸಿಗುತ್ತಿರಲಿಲ್ಲ. ಐವತ್ತು ತುಂಬುವ ಮೊದಲೇ ಅವನ ಗೆರೆಯ ಅಂಚು ಕೆಡತೊಡಗಿತು. ಅಪ್ಪ ಬ್ರಶ್ಶನ್ನು ಬೈದ. ರವಿವಾರ ಪೇಠಕ್ಕೆ ಹೋಗಿ ಮೆತ್ತನೆ ಕೂದಲಿನ ಹೊಸ ಬ್ರಶ್ಶು ತಂದ. ಬಣ್ಣದವನು ಕಲಬೆರಕೆ ಮಾಡುತ್ತಾನೆಂದು ಅಂಗಡಿ ಬದಲಿಸಿದ. ಆಮೇಲೆ ಮುಂಗೈ ಊರಿಕೊಳ್ಳಲು ತುದಿಗೆ ಬಟ್ಟೆ ಸುತ್ತಿದ ಒಂದು ಕೋಲು ಮಾಡಿಕೊಂಡ. ಅದನ್ನು ಹಿಡಿದ ಮೇಲೆ ಒಂದೆರಡು ವರ್ಷ ಗೆರೆಗಳು ನೆಟ್ಟಗಾದವು. ಕೊನೆಗೆ ಒಂದು ದಿನ ಗಿರಾಕಿ ಹೆಂಗಸೊಬ್ಬಳು ಸ್ಕೂಟರು ವಾಪಸು ತಂದು ನಿಲ್ಲಿಸಿ, "ಕಾಕಾ, ನಂಬರ್ ಥಂಡೀನಂ ಕುಡಕುಡತೋಯ ಕೀ!" ಅಂದಳು. ನಿಮ್ಮ ನಂಬರು ಚಳಿಗೆ ನಡುಗುತ್ತಿದೆ ಎಂದು. ಸುತ್ತಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಮರುದಿನದಿಂದ ಅವನು ಬ್ರಶ್ಶು ಮುಟ್ಟಲಿಲ್ಲ.

ಅಪ್ಪನ ನಡುಕಕ್ಕೆ ಹೆಸರಿದೆ, ಔಷಧ ಇದೆ, ಗುಣ ಇಲ್ಲ. ಈಗ ನಿಗಡಿಯ ನಮ್ಮ ಮನೆಯಲ್ಲಿ ಚಹಾವನ್ನು ಅರ್ಧ ಲೋಟದಷ್ಟೇ ಹಾಕಿಸಿಕೊಂಡು ಎರಡೂ ಕೈಯಿಂದ ಹಿಡಿದು ಕುಡಿಯುತ್ತಾನೆ. ಅಂಗಿಯ ಗುಂಡಿಗಳನ್ನು ನನ್ನ ಹೆಂಡತಿ ಹಾಕುತ್ತಾಳೆ. ನನಗೆ ಈಗ ನಲವತ್ತೇಳು. ಅಪ್ಪ ಹೊಸ ಬ್ರಶ್ಶು ತಂದ ವಯಸ್ಸಿನಲ್ಲಿ ನಾನು ಹೊಸ ಮೌಸು ತಂದಿದ್ದೆ.

ಹಸಿರು ದೀಪದ ಮೇಲೆ ಕೆಲಸ ಚೆನ್ನಾಗಿಯೇ ನಡೆಯಿತು. ನಕ್ಷೆಗಳು ವಾಪಸು ಬರುವುದು ನಿಂತಿತು. ಸಾಹೇಬರು ಹೊಗಳಿದರು ಕೂಡ. ಹೊಗಳಿದಷ್ಟೂ ನನ್ನ ಹೆದರಿಕೆ ಹೆಚ್ಚುತ್ತಿತ್ತು, ಯಾಕೆಂದರೆ ಅಪ್ಪನ ಕೋಲೂ ಹೀಗೇ ಕೆಲಸ ಮಾಡಿತ್ತು. ಕೀಬೋರ್ಡು ಮಾತ್ರ ಒಪ್ಪಿಕೊಳ್ಳಲಿಲ್ಲ. ಅದರ ಕೀಲಿಗಳು ಎಷ್ಟು ಹಗುರವೆಂದರೆ ಬೆರಳು ತುಸು ತಗುಲಿದರೂ ಅಂಕಿ ಬೀಳುತ್ತಿತ್ತು. ಐದು ಎಂದು ಒತ್ತಿದರೆ ಐವತ್ತೈದಾಗಿ, ಸಣ್ಣ ರಂಧ್ರವೊಂದು ನಕ್ಷೆಯನ್ನೆಲ್ಲ ನುಂಗಿ ಪರದೆಯ ತುಂಬ ಉಬ್ಬಿ ನಿಲ್ಲುತ್ತಿತ್ತು. ಮೊದಲ ಸಲ ಹಾಗಾದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಎರಡೇ ವಾರದಲ್ಲಿ ಅದನ್ನು ಹುಡುಗಿಗೆ ಕೊಟ್ಟು ಹಳೆಯ ಕೀಬೋರ್ಡು ಎಳೆದುಕೊಂಡೆ. ಸದ್ದು ಬಹಳ, ತಲೆನೋವು ಬರುತ್ತದೆ ಎಂದು ಅವಳಿಗೆ ಸುಳ್ಳು ಹೇಳಿದೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಂಪನಿ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಮೊಣಕಾಲ ಮೇಲೆ ಕೈ ಇಟ್ಟು ನೋಡುತ್ತಿದ್ದೆ. ಬಸ್ಸು ಅಲುಗುತ್ತಿತ್ತು, ಕೈ ಅಲುಗುತ್ತಿತ್ತು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮಗಳ ಕಾಲೇಜು ಇನ್ನೂ ಎರಡು ವರ್ಷ ಇತ್ತು. ನನ್ನ ಕೈ ಅಲ್ಲಿಯವರೆಗೆ ಬಂದರೆ ಸಾಕಪ್ಪ ಎಂದು ದಾರಿಯಲ್ಲಿ ಕಂಡ ಗುಡಿಗಳಿಗೆಲ್ಲ ಕೈ ಮುಗಿದೆ. ಡಾಕ್ಟರ ಬಳಿ ಹೋಗುವ ಧೈರ್ಯ ಮಾತ್ರ ಬರಲಿಲ್ಲ.

ನಮ್ಮ ಕಡೆಯ ಕಾರ್ಖಾನೆಗಳಿಗೆ ಗುರುವಾರ ರಜೆ. ಎಷ್ಟೋ ವರ್ಷದಿಂದ ಗುರುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಪೇಪರು ಹಾಸಿ ಅಪ್ಪನ ಉಗುರು ತೆಗೆಯುವುದು ನನ್ನ ಕೆಲಸವಾಗಿತ್ತು. ಗುರುವಾರ ಉಗುರು ತೆಗೆಯಬಾರದು, ಮನೆಗೆ ಒಳ್ಳೆಯದಲ್ಲ ಎಂದು ಹೆಂಡತಿ ಪ್ರತಿ ವಾರ ಗೊಣಗುವಳು. "ಕಾರ್ಖಾನ್ಯಾಗ ದುಡಿಯವ್ರಿಗೆ ಗುರುವಾರನ ರವಿವಾರ ಅದವಾ," ಎಂದು ಅಪ್ಪ ನಕ್ಕು ಕೈ ಚಾಚುವನು. ಅಂಥವನು ದೀಪಾವಳಿ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಶಾಸ್ತ್ರ ಹಿಡಿದ. "ಗುರುವಾರ ಬ್ಯಾಡ ತಮ್ಮಾ, ದೋಷ ಅಂತಾರ," ಎಂದು ಕೈ ಹಿಂದಕ್ಕೆಳೆದುಕೊಂಡ. ಅಂದಿನಿಂದ ಬುಧವಾರ ಹೆಂಡತಿಯೇ ಅವನ ಉಗುರು ತೆಗೆಯತೊಡಗಿದಳು. ವಯಸ್ಸಾದಂತೆ ದೇವರ ಭಯ ಬಂತು ಎಂದುಕೊಂಡೆ. ಇದೆಲ್ಲ ನಾನು ಮೌಸು ತರುವುದಕ್ಕೆ ಒಂದು ತಿಂಗಳು ಮೊದಲಿನ ಮಾತು.

ಜನವರಿಯ ಒಂದು ಗುರುವಾರ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಹಿಂದಿನ ಸಂಜೆ ಮೌಸನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೆ. ಹೆಂಡತಿ ತರಕಾರಿ ಮಂಡಿಗೆ ಹೋಗಿದ್ದಳು, ಮಗಳು ಕಾಲೇಜಿಗೆ. ಮಗಳ ಲ್ಯಾಪ್‌ಟಾಪಿಗೆ ಮೌಸು ಸಿಕ್ಕಿಸಿ, ದೀಪ ಕೆಂಪಗೆ ಮಾಡಿ, ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದ ಅಪ್ಪನ ಮುಂದೆ ಇಟ್ಟೆ. ಅವನ ನಡುಕವೂ ನನ್ನದೂ ಒಂದೇ ತರಹವೋ ಬೇರೆಯೋ ನೋಡಬೇಕಿತ್ತು. ಬೇರೆಯಾಗಿದ್ದರೆ ಬದುಕಿದೆ ಎಂಬ ಆಸೆ.

"ಅಪ್ಪಾ, ಹೊಸಾ ಮೌಸ್ ತಂದೀನಿ. ಹೆಂಗದ, ಹಿಡದು ನೋಡು."

ಅಪ್ಪ ಹಿಡಿದ. ಬಾಣ ಪರದೆಯ ತುಂಬ ಹೌಹಾರಿ ಓಡಾಡಿತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ ಕೈ ತೆಗೆದ. ಬಾಣ ನಿಂತಿತು. ಸಾಮಾನಿನ ಗುಣ ಅವನಿಗೆ ಅಷ್ಟರಲ್ಲೇ ತಿಳಿದುಹೋಯಿತು.

"ಈಗ ನೀ ಹಿಡಿ," ಎಂದ.

ಬೇಡ ಎನ್ನಲಾಗಲಿಲ್ಲ. ಹಿಡಿದೆ. ಬಾಣ ನಿಂತಲ್ಲೇ ಸಣ್ಣಗೆ ನಡುಗಿತು. ಅಪ್ಪ ಪರದೆ ನೋಡುತ್ತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರುಗಳನ್ನು ನೋಡುತ್ತಿದ್ದ.

"ನನಗ ಗೊತ್ತದ ತಮ್ಮಾ. ದೀಪಾವಳಿಗಿಂತ ಮದಲ, ಹೆಬ್ಬಟ್ಟಿನ ಉಗುರು ತಗಿಯೂ ಮುಂದ ಗೊತ್ತಾತು. ನನ್ನ ಕೈ ನಡಗೂದು ನನಗ ರೂಢಿ ಅದ. ಅವತ್ತ ಅದರಾಗ ಇನ್ನೊಂದು ನಡುಕ ಕೂಡಿತ್ತು."

"ಮತ್ತ ಯಾಕ ಹೇಳಲಿಲ್ಲಪ್ಪಾ?"

"ಅಂಜಿದೆ," ಎಂದ. "ಇಷ್ಟ ವರ್ಷ ವಾರಾ ವಾರಾ ನಿನ್ನ ಕಡೆ ಉಗುರು ತಗಸ್ಕೊಂಡಿದ್ದು ಯಾಕಂತ ತಿಳದೀ? ನಿನ್ನ ಹೇಂತಿ ನಿನಗಿಂತ ಚಲೋ ತಗೀತಾಳ. ನಿನ್ನ ಕೈ ನೋಡ್ಲಿಕ್ಕೆ. ಪ್ರತಿ ವಾರ ನೋಡ್ತಿದ್ದೆ, ಈ ವಾರ ಇಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ. ಒಂದು ವಾರ ಬಂದೇ ಬಿಡ್ತು. ಆಮ್ಯಾಲ ನೋಡ್ಲಿಕ್ಕೆ ಧೈರ್ಯ ಆಗಲಿಲ್ಲ."

ನಾನು ಎರಡು ತಿಂಗಳಿಂದ ಹೊತ್ತುಕೊಂಡು ಸುಸ್ತಾಗಿದ್ದ ಹೆದರಿಕೆಯನ್ನು ಅವನು ಅದೆಷ್ಟು ವರ್ಷದಿಂದ ಹೊತ್ತಿದ್ದನೋ. ನಾನು ಚಿಕ್ಕವನಿದ್ದಾಗಿನಿಂದಲೇ ಇರಬಹುದು, ಕೇಳಲಿಲ್ಲ.

"ಆ ಕೋಲು ನೆನಪದ ಏನು?" ಎಂದ ಅಪ್ಪ ಆಮೇಲೆ. "ಕೋಲು ಚಲೋ ಇತ್ತು. ಅದರಿಂದ ಎರಡು ವರ್ಷ ಕೆಲಸಾ ಮಾಡಿದೆ. ಆದ್ರ ಆ ಎರಡು ವರ್ಷ ಡಾಕ್ಟರ್ ಕಡೆ ಹೋಗಲಿಲ್ಲ. ನೀ ಹಂಗ ಮಾಡಬ್ಯಾಡ."

ಮರುವಾರ ಡಾಕ್ಟರ ಬಳಿ ಹೋದೆವು. ಅಪ್ಪ ಬರುತ್ತೇನೆಂದು ಹಟ ಹಿಡಿದು ಜೊತೆಗೆ ಬಂದ. ಬೆರಳಿಗೆ ಬೆರಳು ಬಡಿಯಲು ಹೇಳಿದರು, ನಡೆಸಿದರು, ಹಾಳೆಯ ಮೇಲೆ ಒಂದು ಸುರುಳಿ ಬಿಡಿಸಲು ಹೇಳಿದರು. ಇಪ್ಪತ್ತೆರಡು ವರ್ಷ ಗೆರೆ ಎಳೆದವನು ಒಂದು ಸುರುಳಿಗೆ ಬೆವರಿದೆ. ಕೈ ನಡುಗುವುದೆಲ್ಲ ಒಂದೇ ರೋಗವಲ್ಲ ಎಂದರು. ಇದು ಅದೇ ಎಂದು ಈಗಲೇ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು, ಆರು ತಿಂಗಳಿಗೆ ಬಂದು ಇನ್ನೊಂದು ಸುರುಳಿ ಬಿಡಿಸಿ. ಅದಕ್ಕೆ ಇನ್ನೂ ಮೂರು ತಿಂಗಳಿದೆ.

ಮೌಸು ಈಗಲೂ ಆಫೀಸಿನಲ್ಲಿದೆ. ಅದಿಲ್ಲದೆ ನನಗೆ ಕೆಲಸ ಆಗುವುದಿಲ್ಲ. ದಿನಾ ಬೆಳಗ್ಗೆ ಯಾರೂ ಬರುವ ಮೊದಲು ಕೆಂಪು ದೀಪ ಹಚ್ಚಿ ಒಂದು ಸಲ ಕೈ ಇಟ್ಟು ನೋಡುತ್ತೇನೆ, ಆಮೇಲೆ ಹಸಿರು ಮಾಡಿಕೊಂಡು ಕೂರುತ್ತೇನೆ.

ಅಪ್ಪ ಶಾಸ್ತ್ರ ಬಿಟ್ಟಿದ್ದಾನೆ. ಗುರುವಾರ ಬೆಳಗ್ಗೆ ತಾನೇ ಪೇಪರು ಹಾಸಿ ನೇಲ್ ಕಟರು ನನ್ನ ಕೈಗೆ ಕೊಡುತ್ತಾನೆ. ಹೆಂಡತಿ ಈಗ ಗೊಣಗುವುದಿಲ್ಲ, ಅವಳಿಗೂ ಗೊತ್ತಾಗಿದೆ. ನಾನು ಎಡಗೈಯಿಂದ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯುತ್ತೇನೆ, ಅವನು ತನ್ನ ಇನ್ನೊಂದು ಕೈಯಿಂದ ನನ್ನ ಬಲಗೈಯನ್ನು ಹಿಡಿಯುತ್ತಾನೆ. ಹತ್ತೂ ಉಗುರನ್ನು ಹೀಗೇ ಮುಗಿಸುತ್ತೇವೆ.