ಆಸ್ಪತ್ರೆಗೆ ಚಿತ್ರಾನ್ನ

ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಹಲ್ಲು ಕೀಳಿಸಲು ಹೊರಟವರ ಹಿಂದೆಯೂ ಮೈಸೂರಿನ ನಮ್ಮ ಮನೆಯಿಂದ ಮೂರು ಜನ ಟಿಫಿನ್ ಕ್ಯಾರಿಯರ್ ಹಿಡಿದು ನಡೆಯುತ್ತಿದ್ದರು. ಹಾಗಾಗಿ, ಎಂಬತ್ತರ ದಶಕದಲ್ಲಿ ಅಮೆರಿಕದ ನೆವಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯ ಗೆಳತಿ ಎದೆಯ ಗಂಟು ತೋರಿಸಲು ಒಬ್ಬಳೇ ಹೋಗಿಬಂದಳೆಂದು ತಿಳಿದಾಗ ನನಗೆ ಸಿಟ್ಟೇ ಬಂತು.

ಅವಳು ಕಪ್ಪು ಜನಾಂಗದವಳು, ನನ್ನ ಮಗಳ ಡೇಕೇರಿನ ಟೀಚರು. ಮಕ್ಕಳ ಪರವಾಗಿ ಯಾರ ಮೇಲಾದರೂ ಜಗಳಕ್ಕೆ ನಿಲ್ಲುವ ಬಾಯಿ. ಡಾಕ್ಟರ ಮುಂದೆ ಮಾತ್ರ ಅದಕ್ಕೆ ಬೀಗ.

"ವಯಸ್ಸು ಚಿಕ್ಕದು, ಆರು ತಿಂಗಳು ಬಿಟ್ಟು ಬಾ ಅಂದ್ರು," ಎಂದಳು. "ನಮ್ಮಮ್ಮನಿಗೂ ಹೀಗೇ ಅಂದಿದ್ರು. ಆಮೇಲೆ ಕೈಮೀರಿ ಹೋಯ್ತು."

ಅದೇ ಡಾಕ್ಟರು ಡೇಕೇರಿನ ಬಿಳಿ ಟೀಚರೊಬ್ಬಳಿಗೆ, ಇವಳದೇ ವಯಸ್ಸಿನವಳಿಗೆ, ಇಂಥದ್ದೇ ಗಂಟಿಗೆ ಮರುವಾರವೇ ಎಲ್ಲ ಪರೀಕ್ಷೆ ಮಾಡಿಸಿದ್ದರು.

"ಮತ್ತೆ ಹೋಗೋಣ ನಡಿ, ನಾನೂ ಬರ್ತೀನಿ," ಎಂದೆ.

"ಅಲ್ವೇ, ಅವರ ಅಪಾಯಿಂಟ್‌ಮೆಂಟಿಗೆ ನೀನ್ಯಾಕೆ?" ಎಂದರು ನನ್ನ ಯಜಮಾನರು.

"ಕೂತ್ಕೊಳ್ಳೋಕೆ."

ರೇಷ್ಮೆ ಸೀರೆ ಉಟ್ಟು, ಕ್ಯಾರಿಯರ್ ತುಂಬ ಚಿತ್ರಾನ್ನ ಹಾಕಿಕೊಂಡು ಹೊರಟೆ. ನಾನು ಯಾರೆಂದು ಡಾಕ್ಟರು ಕೇಳಿದರು. "ಇವಳ ಅಕ್ಕ," ಎಂದೆ. ಅವರು ನಮ್ಮಿಬ್ಬರ ಮುಖ ನೋಡಿ ಫೈಲು ತೆರೆದರು. ಮತ್ತೆ ಅದೇ ಆರು ತಿಂಗಳ ರಾಗ.

"ಇವಳ ತಾಯಿ ಇದೇ ಕಾಯಿಲೇಲಿ ಹೋದ್ರು. ಇವಳ ಡೇಕೇರಿನ ಆ ಬಿಳಿ ಟೀಚರಿಗೆ ಒಂದು ವಾರ, ಇವಳಿಗ್ಯಾಕೆ ಆರು ತಿಂಗಳು? ನೀವು ಪರೀಕ್ಷೆಗೆ ದಿನ ಹೇಳೋವರೆಗೂ ಹೊರಗೆ ಕೂತಿರ್ತೀವಿ. ಊಟ ತಂದಿದೀವಿ," ಎಂದೆ. ಹೊರಗೆ ಬಂದು ಕೂತವರು ಜಪ್ಪಯ್ಯ ಎಂದರೂ ಏಳಲಿಲ್ಲ. ಚಿತ್ರಾನ್ನ ಅರ್ಧ ಖಾಲಿಯಾಗುವಷ್ಟರಲ್ಲಿ ನರ್ಸು ಬಂದು ಆ ವಾರದ್ದೇ ದಿನ ಹೇಳಿದಳು.

ಗಂಟು ಕ್ಯಾನ್ಸರೇ ಆಗಿತ್ತು. ಆಪರೇಷನ್ ಆಯಿತು. ಕಂಕುಳಿಗೂ ಹರಡಿದೆಯೋ ಏನೋ ಎಂದು ರಿಪೋರ್ಟಿಗೆ ಕಾಯುವಾಗ ಅವಳಿಗೆ ದಿನವೂ ಕ್ಯಾರಿಯರ್ ಕಳಿಸುತ್ತಿದ್ದ ನನಗೇ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಅವಳೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದಳು. "ಹರಡಿಲ್ಲ. ಬೇಗ ಬಂದಿದ್ದಕ್ಕೆ ಬಚಾವಾದೆ ಅಂದ್ರು," ಎಂದಳು. ಅಬ್ಬಾ, ತಲೆಯ ಮೇಲಿನ ಬೆಟ್ಟ ಇಳಿಯಿತು. ಹೊಸ್ತಿಲ ಮೇಲೆ ಕೂರಬಾರದೆಂಬುದನ್ನೂ ಮರೆತು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಅವಳೂ ಪಕ್ಕದಲ್ಲೇ ಕೂತಳು. ಖಾಲಿ ಕ್ಯಾರಿಯರನ್ನು ನನ್ನ ಮಡಿಲಲ್ಲಿಟ್ಟು, "ಗುರುವಾರ ನಮ್ಮ ಚಿಕ್ಕಮ್ಮ ಡಾಕ್ಟರ ಹತ್ರ ಹೋಗ್ತಾರೆ. ಒಬ್ಳೇ ಹೋಗ್ತೀನಿ ಅಂದ್ರು, ಬೈದೆ. ಮೂರು ಜನಕ್ಕೆ ಆಗೋಷ್ಟು ಚಿತ್ರಾನ್ನ ಕಲಸು," ಎಂದಳು.